ಮೇಲೇರಿದ ಕನ್ನಡಿ ಇಳಿಯದಿದ್ದರೆ: ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ದೋಷ ಹುಡುಕುವ ಕ್ರಮ

ಗುಂಡಿ ಒತ್ತಿದಾಗ ಎಂದಿನ ಜೋಡಿ ಸದ್ದಿನ ಬದಲು ಒಂದೇ ಸದ್ದು ಬರುತ್ತದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಕತ್ತಲು ಕವಿಯುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಲೆನ್ಸ್ ಬಿಚ್ಚಿ ನೋಡಿದರೆ, 45 ಡಿಗ್ರಿಯಲ್ಲಿ ಓರೆಯಾಗಿ ಕುಳಿತಿರಬೇಕಾದ ಕನ್ನಡಿ ಮೇಲಕ್ಕೆ ಹೋಗಿ ಅಲ್ಲೇ ನಿಂತಿದೆ. ಫಿಲ್ಮ್ ಎಳೆಯುವ ಲಿವರ್ ಕಲ್ಲಿನಂತೆ ಬಿಗಿದಿದೆ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾ (ಲೆನ್ಸಿನಿಂದ ಬಂದ ಬೆಳಕನ್ನು ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವಂಥದ್ದು) ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಎದುರಾಗುವ ಸ್ಥಿತಿ ಇದು.

ಈಗ ಮಾಡಬಾರದ ಕೆಲಸಗಳು ಎರಡು. ಲಿವರನ್ನು ಬಲವಂತವಾಗಿ ಎಳೆಯಬಾರದು; ಒಳಗೆ ಬೀಗ ಹಾಕಿಕೊಂಡಿರುವ ಹಲ್ಲುಚಕ್ರದ ಹಲ್ಲು ಮುರಿದರೆ ಅದಕ್ಕೆ ಬದಲಿ ಸಿಗಬೇಕಾದರೆ ಇನ್ನೊಂದು ಸತ್ತ ಕ್ಯಾಮೆರಾವನ್ನೇ ಹುಡುಕಬೇಕು. ಕನ್ನಡಿಯನ್ನು ಬೆರಳಿನಿಂದ ಕೆಳಗೆ ಎಳೆಯಬಾರದು; ಅದರ ಲೇಪ ನಮ್ಮ ಮನೆಯ ಕನ್ನಡಿಯಂತೆ ಗಾಜಿನ ಹಿಂದೆ ಇರುವುದಿಲ್ಲ, ಗಾಜಿನ ಮೇಲ್ಮೈಯಲ್ಲೇ ಇರುತ್ತದೆ. ಬೆರಳಿನ ಗುರುತನ್ನು ಒರೆಸಲು ಹೋದರೆ ಲೇಪವೇ ಕಿತ್ತುಬರುತ್ತದೆ. ದುರಸ್ತಿಗೆಂದು ನನ್ನ ಮೇಜಿಗೆ ಬಂದ ಕ್ಯಾಮೆರಾಗಳಲ್ಲಿ ಮೂಲ ದೋಷಕ್ಕಿಂತ, ಆಮೇಲೆ ಅವಸರದ ಕೈ ಮಾಡಿದ ಗಾಯವೇ ದೊಡ್ಡದಾಗಿದ್ದನ್ನು ಹಲವು ಸಲ ಕಂಡಿದ್ದೇನೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡಿ ಮೇಲೆ ಸಿಕ್ಕಿಕೊಂಡಾಗ ತಪ್ಪು ಕನ್ನಡಿಯದ್ದೇ ಆಗಿರುವುದು ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಫಿಲ್ಮಿನ ಮುಂದಿರುವ ಶಟರಿನ ಪರದೆಯ ಕಾಯಿಲೆಗೆ ಕನ್ನಡಿಯನ್ನು ಬಿಚ್ಚಿ ಹಾಳುಮಾಡಿದವರು ಬಹಳ ಮಂದಿ.

ಒಳಗೆ ನಡೆಯುವ ಸರಣಿ

ಗುಂಡಿ ಒತ್ತಿದ ಕ್ಷಣದಿಂದ ಏನೇನಾಗುತ್ತದೆ ಎಂಬುದು ಮನಸ್ಸಿನಲ್ಲಿ ಮೂಡದೆ ಮುಂದಿನ ಯಾವ ಪರೀಕ್ಷೆಯೂ ಅರ್ಥವಾಗುವುದಿಲ್ಲ. ಮೊದಲು ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ನೀವು ಇಟ್ಟ ಅಳತೆಗೆ ಕಿರಿದಾಗುತ್ತದೆ, ಜೊತೆಯಲ್ಲೇ ಕನ್ನಡಿ ಮೇಲೇಳುತ್ತದೆ. ಕನ್ನಡಿ ಪೂರ್ತಿ ಮೇಲೆ ತಲುಪಿದಾಗ ಒಂದು ಸಣ್ಣ ಕೊಕ್ಕೆಯನ್ನು ತಟ್ಟುತ್ತದೆ. ಆಗ ಶಟರಿನ ಮೊದಲ ಪರದೆ ಬಿಟ್ಟುಕೊಂಡು ಓಡುತ್ತದೆ, ಫಿಲ್ಮಿಗೆ ಬೆಳಕು ಬೀಳುತ್ತದೆ. ವೇಗದ ಚಕ್ರ ಹೇಳಿದಷ್ಟು ಹೊತ್ತು ಕಳೆದ ಮೇಲೆ ಎರಡನೆಯ ಪರದೆ ಅದರ ಬೆನ್ನಟ್ಟಿ ಬಂದು ಬೆಳಕನ್ನು ಮುಚ್ಚುತ್ತದೆ. ಆ ಎರಡನೆಯ ಪರದೆ ತನ್ನ ದಾರಿಯ ಕೊನೆ ಮುಟ್ಟಿದಾಗ ಇನ್ನೊಂದು ಕೊಕ್ಕೆಯನ್ನು ತಟ್ಟುತ್ತದೆ. ಆ ತಟ್ಟು ಸಿಕ್ಕಿದ ಮೇಲೆಯೇ ಕನ್ನಡಿ ಕೆಳಗಿಳಿಯುತ್ತದೆ, ಅಪರ್ಚರ್ ಮತ್ತೆ ತೆರೆಯುತ್ತದೆ, ಲಿವರಿನ ಬೀಗ ಬಿಡುತ್ತದೆ.

ಅಂದರೆ ಕನ್ನಡಿ ಇಳಿಯುವುದು ಸರಣಿಯ ಕಟ್ಟಕಡೆಯ ಹೆಜ್ಜೆ. ಹಿಂದಿನ ಯಾವ ಹೆಜ್ಜೆ ಎಡವಿದರೂ ನಮಗೆ ಕಾಣಿಸುವ ಲಕ್ಷಣ ಮಾತ್ರ ಒಂದೇ: ವ್ಯೂಫೈಂಡರಿನ ಕತ್ತಲು.

ದೋಷವೋ, ಸ್ವಭಾವವೋ?

ಕೆಲವು ಕ್ಯಾಮೆರಾಗಳಲ್ಲಿ ಕನ್ನಡಿ ಮೇಲೆ ನಿಲ್ಲುವುದೇ ಸರಿಯಾದ ನಡವಳಿಕೆ. ಡ್ರೆಸ್ಡೆನ್ನಿನ ಎಕ್ಸಾಕ್ಟಾ ವ್ಯಾರೆಕ್ಸ್, ಸೋವಿಯತ್ ಝೆನಿಟ್-3ಎಂ ಇಂಥವುಗಳಲ್ಲಿ ಕನ್ನಡಿ ತಾನಾಗಿ ಹಿಂದಿರುಗುವುದಿಲ್ಲ. ಮುಂದಿನ ಚಿತ್ರಕ್ಕೆ ಲಿವರ್ ಎಳೆದಾಗಲೇ ಇಳಿಯುತ್ತದೆ. ಒತ್ತಿದ ಕೂಡಲೇ ಹಿಂದಿರುಗುವ ಕನ್ನಡಿ ಜಪಾನಿನ ಕ್ಯಾಮೆರಾಗಳಲ್ಲಿ ಮೊದಲು ಬಂದದ್ದು 1954ರ ಅಸಾಹಿಫ್ಲೆಕ್ಸ್ 2ಬಿಯಲ್ಲಿ. 1957ರಲ್ಲಿ ಬಂದ ಹ್ಯಾಸೆಲ್‌ಬ್ಲಾಡ್ 500ಸಿ ಮಾದರಿಯಲ್ಲೂ ಹಿಡಿ ತಿರುಗಿಸುವ ತನಕ ಕನ್ನಡಿ ಮೇಲೆಯೇ ಇರುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕ್ಯಾಮೆರಾ ಇಂಥದ್ದಾಗಿದ್ದರೆ ಅದಕ್ಕೆ ದುರಸ್ತಿಯೇ ಬೇಕಿಲ್ಲ.

ನಿಕಾನ್ ಎಫ್, ಒಲಿಂಪಸ್ ಓಎಂ-1 ಮುಂತಾದವುಗಳಲ್ಲಿ ಕನ್ನಡಿಯನ್ನು ಬೇಕೆಂದೇ ಮೇಲೆ ನಿಲ್ಲಿಸುವ ಗುಬ್ಬಿ ಇದೆ. ಚೀಲದಲ್ಲಿ ಉಜ್ಜಿಕೊಂಡು ಅದು ತಿರುಗಿರಬಹುದು. ವೇಗದ ಚಕ್ರ ‘ಬಿ’ಯಲ್ಲಿದ್ದು (ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಸ್ಥಾನ), ಗುಂಡಿಯನ್ನು ದೂರದಿಂದ ಒತ್ತುವ ತಂತಿಯ, ಅಂದರೆ ಕೇಬಲ್ ರಿಲೀಸಿನ, ತಿರುಪು ಬಿಗಿಯಾಗಿದ್ದರೂ ಕನ್ನಡಿ ಇಳಿಯದು. ಇವನ್ನೆಲ್ಲ ನೋಡಲು ಅರ್ಧ ನಿಮಿಷ ಸಾಕು, ಆದರೂ ಜನ ಇವನ್ನು ಕೊನೆಯಲ್ಲಿ ನೋಡುತ್ತಾರೆ.

ಬ್ಯಾಟರಿಯ ಪ್ರಶ್ನೆ

ನಿಮ್ಮ ಕ್ಯಾಮೆರಾದಲ್ಲಿ ಬ್ಯಾಟರಿ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ, ಓಎಂ-1 ಇವುಗಳಲ್ಲಿ ಬ್ಯಾಟರಿ ಇರುವುದು ಬೆಳಕಿನ ಮೀಟರಿಗೆ ಮಾತ್ರ. ಬ್ಯಾಟರಿ ತೆಗೆದೇ ಇಟ್ಟರೂ ಶಟರ್ ಓಡಬೇಕು. ಆದ್ದರಿಂದ ಇಲ್ಲಿ ಕನ್ನಡಿ ಸಿಕ್ಕಿದರೆ ಹೊಸ ಬ್ಯಾಟರಿ ತಂದು ಪ್ರಯೋಜನವಿಲ್ಲ.

ಆದರೆ 1970ರ ದಶಕದ ನಡುವಿನಿಂದ ಬಂದ ಎಲೆಕ್ಟ್ರಾನಿಕ್ ಶಟರಿನ ಕ್ಯಾಮೆರಾಗಳ ಮಾತೇ ಬೇರೆ. ಅಲ್ಲಿ ಎರಡನೆಯ ಪರದೆಯನ್ನು ಹಿಡಿದು ಬಿಡುವುದು ವಿದ್ಯುತ್ಕಾಂತ. ಬ್ಯಾಟರಿ ಸೋತಿದ್ದರೆ ಕನ್ನಡಿ ಮೇಲೇರಿದ ಮೇಲೆ ಸರಣಿಯನ್ನು ಮುಗಿಸುವವರೇ ಇರುವುದಿಲ್ಲ. ತಯಾರಕರಿಗೆ ಇದು ಗೊತ್ತಿದ್ದರಿಂದ ಬಿಡಿಸಿಕೊಳ್ಳುವ ದಾರಿಯನ್ನೂ ಇಟ್ಟಿದ್ದಾರೆ. ನಿಕಾನ್ ಎಫ್‌ಇಯಲ್ಲಿ ವೇಗದ ಚಕ್ರವನ್ನು ‘ಎಂ90’ ಅಥವಾ ‘ಬಿ’ಗೆ ತಿರುಗಿಸಿದರೆ ಕನ್ನಡಿ ಇಳಿಯುತ್ತದೆ. ಪೆಂಟ್ಯಾಕ್ಸ್ ಎಂಇ ಸೂಪರಿನಲ್ಲಿ ‘125ಎಕ್ಸ್’ ಎಂಬ ಸ್ಥಾನ ಅದೇ ಕೆಲಸ ಮಾಡುತ್ತದೆ. ಒಲಿಂಪಸ್ ಓಎಂ-2ರಲ್ಲಿ ಮೇಲಿನ ಸ್ವಿಚ್ಚನ್ನು ‘ರೀಸೆಟ್’ ಕಡೆಗೆ ತಳ್ಳಬೇಕು. ಆಮೇಲೆ ಹೊಸ ಬ್ಯಾಟರಿ ಹಾಕಿ.

ಹೊಸದು ಅಂದರೆ ನಿಜವಾಗಿ ಹೊಸದು. ಅಂಗಡಿಯ ಗಾಜಿನ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಎಲ್‌ಆರ್44 ಬಿಲ್ಲೆಯನ್ನು ಮಲ್ಟಿಮೀಟರಿನಲ್ಲಿ ಅಳೆದರೆ 1.5 ವೋಲ್ಟಿಗಿಂತ ಸಾಕಷ್ಟು ಕೆಳಗಿರುತ್ತದೆ. ಎರಡು ಬಿಲ್ಲೆಗಳ ಕ್ಯಾಮೆರಾಕ್ಕೆ ಒಟ್ಟು 3 ವೋಲ್ಟ್ ಬೇಕು, ಕ್ಯಾನನ್ ಎಇ-1ರ 4ಎಲ್‌ಆರ್44 ಬ್ಯಾಟರಿಗೆ 6 ವೋಲ್ಟ್. ಬ್ಯಾಟರಿ ಕೂರುವ ಕುಳಿಯಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದು ಸೋರಿದ ಕ್ಷಾರ. ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ.

ಕನ್ನಡಿ ಕೆಳಗೇ ಇದ್ದು, ಗುಂಡಿ ಒತ್ತಿದರೆ ಏನೂ ಆಗದಿದ್ದರೆ ಅದು ಬೇರೆ ಕಥೆ. ಎಇ-1ಕ್ಕೆ ಬ್ಯಾಟರಿ ಇಲ್ಲದೆ ಉಸಿರೇ ಇಲ್ಲ. 1981ರ ಮಿನೋಲ್ಟಾ ಎಕ್ಸ್-700ರಲ್ಲಿ ಬ್ಯಾಟರಿ ಹೊಸದಾಗಿದ್ದು, ವ್ಯೂಫೈಂಡರಿನ ದೀಪಗಳು ಉರಿಯುತ್ತ, ಶಟರ್ ಮತ್ತು ಲಿವರ್ ಎರಡೂ ಸ್ತಬ್ಧವಾಗಿದ್ದರೆ ಮುದಿಯಾದ ಕೆಪಾಸಿಟರ್ ಮೇಲೆ ಅನುಮಾನ ಪಡಬೇಕು. ಬೆಸುಗೆ ಹಾಕಲು ಬಲ್ಲವರಿಗೆ ಅದು ಸಣ್ಣ ಕೆಲಸ.

ಒಳಗೆ ರೀಲು ಇದ್ದರೆ

ಮುಂದಿನ ಪರೀಕ್ಷೆಗಳಿಗೆ ಹಿಂಬಾಗಿಲು ತೆರೆಯಬೇಕಾಗುತ್ತದೆ. ಅದಕ್ಕೆ ಮೊದಲು ತಳದ ಗುಂಡಿ ಒತ್ತಿ, ಎಡಗಡೆಯ ಸುತ್ತುಹಿಡಿಯಿಂದ ರೀಲನ್ನು ಡಬ್ಬಿಯೊಳಗೆ ಸುತ್ತಿಬಿಡಿ. ಕನ್ನಡಿ ಸಿಕ್ಕಿದ್ದರೂ ಇದು ಸಾಮಾನ್ಯವಾಗಿ ಸಾಧ್ಯ. ಪರದೆ ಅರ್ಧ ತೆರೆದು ನಿಂತಿರಬಹುದಾದ್ದರಿಂದ ಸುತ್ತಿ ಮುಗಿಯುವ ತನಕ ಲೆನ್ಸಿನ ಮುಚ್ಚಳ ತೆಗೆಯಬೇಡಿ. ಇಲ್ಲವಾದರೆ ಆ ಸೀಳಿನ ಮುಂದೆ ಹಾದುಹೋಗುವ ಪ್ರತಿ ಚಿತ್ರದ ಮೇಲೂ ಬೆಳಕಿನ ಬರೆ ಬೀಳುತ್ತದೆ. ಲಿವರ್ ಅರ್ಧಕ್ಕೆ ನಿಂತು, ಕನ್ನಡಿ ಕೆಳಗೇ ಇದ್ದರೆ ರೀಲು ಮುಗಿದಿರಬಹುದು ಅಷ್ಟೆ. 36 ಚಿತ್ರಗಳ ರೀಲಿನಲ್ಲಿ 37ನೆಯದಕ್ಕೆ ಆಸೆಪಟ್ಟವರಿಗೆ ಇದು ಆಗುತ್ತದೆ.

ಲೆನ್ಸ್ ಬಿಚ್ಚಿ ನೋಡುವುದು

ಲೆನ್ಸ್ ಬಿಚ್ಚಿದ ಕೂಡಲೇ ಕನ್ನಡಿ ಟಪ್ಪನೆ ಇಳಿದರೆ ಸಂಕಟ ಲೆನ್ಸಿನದು. ಅಪರ್ಚರಿನ ಎಲೆಗಳಿಗೆ ಎಣ್ಣೆ ಹತ್ತಿ ಭಾರವಾದಾಗ, ಅವನ್ನು ತಳ್ಳುವ ಕಡ್ಡಿ ಕ್ಯಾಮೆರಾದ ಕಡ್ಡಿಯನ್ನೇ ತಡೆದು ನಿಲ್ಲಿಸುತ್ತದೆ. ಹಿಂಭಾಗದ ಗಾಜು ತೀರ ಒಳಕ್ಕೆ ಚಾಚಿಕೊಂಡಿರುವ ಲೆನ್ಸುಗಳೂ ಉಂಟು. ನಿಕಾನ್ ಎಫ್‌ಗೆಂದು ಬಂದ 2.1 ಸೆಂಟಿಮೀಟರಿನ ಹಳೆಯ ನಿಕ್ಕೊರ್ ಲೆನ್ಸನ್ನು ಕನ್ನಡಿ ಮೇಲೆ ನಿಲ್ಲಿಸಿಕೊಂಡೇ ಹಾಕಬೇಕಿತ್ತು. ಬೇರೆ ಬೇರೆ ಕಂಪನಿಗಳ ತಿರುಪಿನ ಲೆನ್ಸುಗಳನ್ನು ಅದಲುಬದಲು ಮಾಡುವವರು ದೂರವನ್ನು ಅನಂತಕ್ಕೆ ಇಟ್ಟು, ಕನ್ನಡಿಯ ಅಂಚು ಗಾಜಿಗೆ ತಾಗುತ್ತದೆಯೇ ಎಂದು ಮೊದಲ ಸಲವೇ ನೋಡಿಕೊಳ್ಳಬೇಕು.

ಲೆನ್ಸ್ ಇಲ್ಲದೆಯೂ ಕನ್ನಡಿ ಮೇಲೆಯೇ ಇದ್ದರೆ ಟಾರ್ಚ್ ಹಿಡಿದು ಅದರ ಮೇಲಂಚನ್ನು ನೋಡಿ. ಅಲ್ಲಿ, ಕನ್ನಡಿಗೂಡಿನ ಚಾವಣಿಯಲ್ಲಿ, ಹೊಡೆತದ ಸದ್ದು ತಗ್ಗಿಸಲು ಒಂದು ಎಳೆ ಸ್ಪಂಜು ಅಂಟಿಸಿರುತ್ತಾರೆ. ಪಾಲಿಯುರೆಥೇನಿನ ಈ ಸ್ಪಂಜು ಗಾಳಿಯ ತೇವದಿಂದ ವರ್ಷಗಳು ಕಳೆದಂತೆ ಕೊಳೆತು ಡಾಂಬರಿನಂತಾಗುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲ ಕಂಡ ಕ್ಯಾಮೆರಾಗಳಲ್ಲಿ ಗಟ್ಟಿ ಸ್ಪಂಜು ಉಳಿದಿದ್ದರೆ ಅದೇ ಆಶ್ಚರ್ಯ. ಮೇಲೇರಿದ ಕನ್ನಡಿ ಈ ಅಂಟಿಗೆ ಕಚ್ಚಿಕೊಳ್ಳುತ್ತದೆ, ಅದನ್ನು ಬಿಡಿಸಿಕೊಳ್ಳುವಷ್ಟು ಶಕ್ತಿ ಇಳಿಸುವ ಸ್ಪ್ರಿಂಗಿಗೆ ಇರುವುದಿಲ್ಲ. ಇದರ ಗುರುತು: ಲಿವರ್ ಬಿಗಿದಿಲ್ಲ, ಶಟರ್ ತನ್ನ ಕೆಲಸ ಮುಗಿಸಿದೆ, ಕನ್ನಡಿಯ ಅಂಚಿನಲ್ಲಿ ಕಪ್ಪು ಮೆತ್ತಿದೆ.

ಬಿದಿರಿನ ಹಲ್ಲುಕಡ್ಡಿಯನ್ನು ಕನ್ನಡಿಯ ಲೋಹದ ಚೌಕಟ್ಟಿಗೂ ಸ್ಪಂಜಿಗೂ ನಡುವೆ ಮೆಲ್ಲಗೆ ತೂರಿಸಿ ಬಿಡಿಸಿ, ಗಾಜಿಗೆ ತಾಗಿಸಬೇಡಿ. ಕ್ಯಾಮೆರಾದ ಬಾಯನ್ನು ನೆಲದ ಕಡೆಗೆ ಹಿಡಿದುಕೊಂಡು ಕೊಳೆತದ್ದನ್ನು ಕೆರೆದು ತೆಗೆಯಿರಿ, ಚೂರುಗಳು ಒಳಗೆ ಬೀಳದೆ ಹೊರಗೆ ಉದುರಲಿ. ಪಕ್ಕದಲ್ಲೇ ಇರುವ, ವ್ಯೂಫೈಂಡರಿನ ಚಿತ್ರ ಮೂಡುವ ಫೋಕಸಿಂಗ್ ಸ್ಕ್ರೀನಿಗೆ ಕಾಗದದ ತುಂಡು ಅಡ್ಡ ಇಡಿ. ಆ ಕಪ್ಪು ಅಂಟು ಸ್ಕ್ರೀನಿನ ನವಿರು ಗೀರುಗಳಲ್ಲಿ ಒಮ್ಮೆ ಕುಳಿತರೆ ಆಮೇಲೆ ಹೋಗುವುದಿಲ್ಲ. ಉಳಿದ ಅಂಟನ್ನು ಆಲ್ಕೋಹಾಲ್ ತಾಗಿಸಿದ, ಒದ್ದೆಯಾಗದಷ್ಟೇ ತೇವವಾದ ಕಡ್ಡಿಯಿಂದ ಒರೆಸಿ. ಹೊಸ ಸ್ಪಂಜಿನ ದಪ್ಪ ಹಳೆಯದರಷ್ಟೇ ಇರಬೇಕು. ದಪ್ಪ ಹೆಚ್ಚಾದರೆ ಕನ್ನಡಿ ಪೂರ್ತಿ ಮೇಲೇರದು, ಮೊದಲ ಕೊಕ್ಕೆಯನ್ನು ತಟ್ಟದು, ಶಟರ್ ಬಿಡುವುದೇ ಇಲ್ಲ. ಸ್ಪಂಜು ಬದಲಿಸಿದ ಮರುದಿನ ಕ್ಯಾಮೆರಾ ಸಿಕ್ಕಿಕೊಂಡರೆ ಬೇರೇನನ್ನೂ ನೋಡುವ ಮೊದಲು ಇದನ್ನು ನೋಡಿ.

ಪರದೆಯ ಕೊನೆಯ ಕೂದಲೆಳೆ

ಈಗ ಬಹುಪಾಲು ದೋಷಗಳು ಅಡಗಿರುವ ಜಾಗಕ್ಕೆ ಬಂದೆವು. ಹಿಂಬಾಗಿಲು ತೆರೆದು ಶಟರನ್ನು ಬೆಳಕಿಗೆ ಹಿಡಿದು ನೋಡಿ. ಎರಡನೆಯ ಪರದೆ ಪೂರ್ತಿ ಮುಚ್ಚಿದೆಯೇ, ಅಥವಾ ಒಂದು ಅಂಚಿನಲ್ಲಿ ತೆಳ್ಳನೆಯ ಬೆಳಕಿನ ಗೆರೆ ಉಳಿದಿದೆಯೇ?

ಒಂದು ಸಲ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ಬಟ್ಟೆಯ ಪರದೆಯ ಜಪಾನಿ ಕ್ಯಾಮೆರಾವೊಂದನ್ನು ತಂದರು. ರಾತ್ರಿಯಿಡೀ ಯಕ್ಷಗಾನದ ಚಿತ್ರ ತೆಗೆಯುತ್ತಿದ್ದಾಗ ಬೆಳಗಿನ ಜಾವ ಕನ್ನಡಿ ಮೇಲೆ ನಿಂತಿತ್ತು. ಕನ್ನಡಿಯ ಸ್ಪ್ರಿಂಗ್ ಹೋಗಿದೆ, ಮುಂಭಾಗ ಬಿಚ್ಚಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ರೀಲನ್ನು ಸುತ್ತಿ ಹೊರತೆಗೆದು ಹಿಂದಿನಿಂದ ನೋಡಿದೆ. ಚೌಕಟ್ಟಿನ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು. ಒಣ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಪರದೆಯ ಅಂಚಿನ ಲೋಹದ ಪಟ್ಟಿಯನ್ನು ಅದು ಓಡುವ ದಿಕ್ಕಿಗೆ ಮುಟ್ಟಿದೆನೋ ಇಲ್ಲವೋ, ಕನ್ನಡಿ ಇಳಿಯಿತು, ಲಿವರ್ ಬಿಟ್ಟಿತು. ಕನ್ನಡಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದು ಪರದೆಯ ಸುಳಿವಿಗಾಗಿ ಕಾಯುತ್ತ ನಿಂತಿತ್ತು.

ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್, ಕೆ1000 ಸೇರಿದಂತೆ ಅಡ್ಡಕ್ಕೆ ಓಡುವ ಬಟ್ಟೆ ಪರದೆಯ ಕ್ಯಾಮೆರಾಗಳಲ್ಲೆಲ್ಲ ಈ ದೋಷ ಬರಬಹುದು. ಪರದೆ ಸುತ್ತಿಕೊಳ್ಳುವ ಉರುಳೆಗಳ ಗ್ರೀಸ್ ಮೂವತ್ತು ನಲವತ್ತು ವರ್ಷಗಳಲ್ಲಿ ಮೇಣದಂತಾಗಿರುತ್ತದೆ. ಪರದೆ ದಾರಿಯ ಕೊನೆಯಲ್ಲಿ ಸೋತು ನಿಲ್ಲುತ್ತದೆ. ಕೊನೆಯಲ್ಲಿ ಪರದೆಯ ಓಟವನ್ನು ತಡೆಯುವ ಪುಟ್ಟ ಬ್ರೇಕು ಬಿಗಿಯಾಗಿದ್ದರೂ ಫಲ ಅದೇ.

ಕಡ್ಡಿಯಿಂದ ಮುಟ್ಟಿ ನೋಡುವ ಈ ಪರೀಕ್ಷೆ ಬಟ್ಟೆಯ ಪರದೆಗೆ ಮಾತ್ರ. ನಿಕಾನ್ ಎಫ್‌ಎಂ, ಎಫ್‌ಇಗಳಂತೆ ಮೇಲಿಂದ ಕೆಳಕ್ಕೆ ಓಡುವ ಲೋಹದ ಎಲೆಗಳಿರುವ ಶಟರನ್ನು ಮುಟ್ಟಲೇಬೇಡಿ. ಎಲೆ ಬಾಗಿದರೆ ಶಟರನ್ನೇ ಬದಲಿಸಬೇಕು. ಅಲ್ಲಿ ಎಲೆಗಳ ಮೇಲೆ ಎಣ್ಣೆಯ ಮಿನುಗು ಇದೆಯೇ ಎಂದು ಓರೆಬೆಳಕಿನಲ್ಲಿ ನೋಡಿದರೆ ಸಾಕು. ಎಣ್ಣೆ ಹತ್ತಿದ ಎಲೆಗಳು ಒಂದಕ್ಕೊಂದು ಅಂಟಿ ಎಳೆಯುತ್ತವೆ.

ಕನ್ನಡಿ ಇಳಿದ ಮೇಲೆ ದೋಷ ಯಾವ ವೇಗದಲ್ಲಿ ಮರುಕಳಿಸುತ್ತದೆ ಎಂದು ಹುಡುಕಬೇಕು. ರೋಗದ ಹೆಸರು ಹೇಳುವುದು ಇದೇ, ಆದ್ದರಿಂದ ತಾಳ್ಮೆಯಿಂದ ಮಾಡಿ. ಮೊದಲು ‘ಬಿ’. ಗುಂಡಿ ಒತ್ತಿ ಹಿಡಿಯಿರಿ: ಕನ್ನಡಿ ಏರಿತು, ಮೊದಲ ಪರದೆ ತೆರೆಯಿತು. ಬಿಡಿ: ಎರಡನೆಯ ಪರದೆ ಬಂತು, ಕನ್ನಡಿ ಇಳಿಯಿತು. ಒಂದೊಂದು ಹೆಜ್ಜೆಯನ್ನೂ ಕೈಯಲ್ಲೇ ತಡೆದು ನೋಡಬಹುದಾದ್ದರಿಂದ ಎಡವಿದ್ದು ಎಲ್ಲಿ ಎಂಬುದು ಕಣ್ಣಿಗೇ ಕಾಣುತ್ತದೆ. ಆಮೇಲೆ 1 ಸೆಕೆಂಡಿನಿಂದ 1/30ರ ತನಕ. ಯಾಂತ್ರಿಕ ಶಟರುಗಳಲ್ಲಿ ಇಲ್ಲಿ ಗಡಿಯಾರದಂಥ ಝರ್ರ್ ಸದ್ದು ಕೇಳಬೇಕು. ಅದು ನಿಧಾನ ವೇಗಗಳನ್ನು ಅಳೆಯುವ ಹಲ್ಲುಚಕ್ರಗಳ ಸಾಲು. ಸದ್ದು ನಡುವೆ ನಿಂತು ಕನ್ನಡಿ ಮೇಲೆಯೇ ಉಳಿದರೆ ಆ ಚಕ್ರಗಳ ಎಣ್ಣೆ ಗಟ್ಟಿಯಾಗಿದೆ, ಪರದೆಗೆ ದೋಷವಿಲ್ಲ. ನಿಧಾನ ವೇಗಗಳೆಲ್ಲ ಸರಿಯಿದ್ದು, 1/500, 1/1000ದಲ್ಲಿ ಮಾತ್ರ ಸಿಕ್ಕಿದರೆ ಪರದೆಗಳ ಓಟವೇ ಬಳಲಿದೆ.

ನಸುಕಿನ ತಂಪಿನಲ್ಲಿ ಸಿಕ್ಕಿ, ಮಧ್ಯಾಹ್ನದ ಬಿಸುಪಿನಲ್ಲಿ ಸರಿಯಾಗುವ ಕ್ಯಾಮೆರಾದಲ್ಲಿ ದೋಷ ಗ್ರೀಸಿನದ್ದು ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಆ ಶಿಕ್ಷಕರ ಕ್ಯಾಮೆರಾ ಬೆಳಗಿನ ಜಾವವೇ ನಿಂತದ್ದು ಅದಕ್ಕಾಗಿ. ಹಾಗೆಂದು ಬಿಸಿಲಿಗಿಟ್ಟು ಕಾಯಿಸಬೇಡಿ. ಕರಗಿದ ಎಣ್ಣೆ ಪರದೆಗೂ ಅಪರ್ಚರಿಗೂ ಹರಿಯುತ್ತದೆ.

ಶಿಕ್ಷಕರ ಆ ಕ್ಯಾಮೆರಾಕ್ಕೆ ಮಾಡಿದ ಚಿಕಿತ್ಸೆ ಸರಳ. ತಳದ ತಟ್ಟೆ ಬಿಚ್ಚಿ, ಉರುಳೆಗಳ ತುದಿಗಳು ತಿರುಗುವ ರಂಧ್ರಗಳಿಗೆ ಲೈಟರಿನ ನಾಫ್ತಾ ದ್ರವವನ್ನು ಸೂಜಿಯ ಮೊನೆಯಲ್ಲಿ ಮುಟ್ಟಿಸಿ, ಕರಗಿದ ಕೊಳೆಯನ್ನು ಒರೆಸಿ, ದಿನವಿಡೀ ಒಣಗಲು ಬಿಟ್ಟು, ಕೊನೆಗೆ ಗಡಿಯಾರದ ಎಣ್ಣೆಯ ಒಂದು ಚುಕ್ಕೆ. ನಾಫ್ತಾ ಬೇಗ ಹೊತ್ತಿಕೊಳ್ಳುತ್ತದೆ, ಕಿಟಕಿ ತೆರೆದಿರಲಿ, ದೀಪ ಬತ್ತಿಗಳು ದೂರವಿರಲಿ. ಸ್ಪ್ರೇ ಡಬ್ಬಿಯ ತುಕ್ಕು ಬಿಡಿಸುವ ಎಣ್ಣೆಯನ್ನು ಮಾತ್ರ ಯಾವ ಕಾರಣಕ್ಕೂ ಹೊಡೆಯಬೇಡಿ. ಅದು ಒಂದು ವಾರ ಎಲ್ಲವನ್ನೂ ಸರಿಮಾಡಿದಂತೆ ತೋರಿ, ಆಮೇಲೆ ಪರದೆ, ಪ್ರಿಸಂ, ಕನ್ನಡಿಗಳಿಗೆಲ್ಲ ಹಬ್ಬುತ್ತದೆ.

ತಟ್ಟೆ ಬಿಚ್ಚಿದಾಗ ಪರದೆಗಳ ಬಿಗಿತ ಹೊಂದಿಸುವ ಹಲ್ಲುಗಾಲಿಗಳು ಕಣ್ಣೆದುರೇ ಕಾಣುತ್ತವೆ. ಎರಡು ಹಲ್ಲು ಬಿಗಿಮಾಡಿದರೆ ಪರದೆ ಓಡಿಬಿಡುತ್ತದೆ ಎಂಬುದು ನಿಜ, ಮತ್ತು ಅನೇಕರು ಹಾಗೆಯೇ ಮಾಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೊಳೆಯನ್ನು ತೆಗೆಯದೆ ಸ್ಪ್ರಿಂಗಿನ ಬಲ ಏರಿಸಿದರೆ ಎರಡನೆಯ ಪರದೆ ಮೊದಲನೆಯದಕ್ಕಿಂತ ವೇಗವಾಗಿ ಓಡಿ ಅದರ ಬೆನ್ನಿಗೆ ಹತ್ತಿರವಾಗುತ್ತ ಹೋಗುತ್ತದೆ. 1/1000ದಲ್ಲಿ ತೆಗೆದ ಆಕಾಶ ಒಂದು ಬದಿಯಲ್ಲಿ ತಿಳಿಯಾಗಿಯೂ ಇನ್ನೊಂದು ಬದಿಯಲ್ಲಿ ಕಪ್ಪಾಗಿಯೂ ಬರುತ್ತದೆ. ವೇಗ ಅಳೆಯುವ ಉಪಕರಣ ಇಲ್ಲದೆ ಆ ಗಾಲಿಗಳನ್ನು ಮುಟ್ಟುವುದು ತರವಲ್ಲ.

ಕನ್ನಡಿಯೇ ಅಪರಾಧಿಯಾದಾಗ

ಕನ್ನಡಿ ಅರ್ಧ ದಾರಿಯಲ್ಲಿ ಓರೆಯಾಗಿ ನಿಂತಿದ್ದರೆ ಗಾಜು ಚೌಕಟ್ಟಿನಿಂದ ಜಾರಿದೆಯೇ ನೋಡಿ. ಹಳೆಯ ಗೋಂದು ಸಡಿಲವಾಗಿ ಗಾಜು ಒಂದೆರಡು ಮಿಲಿಮೀಟರ್ ಮುಂದೆ ಬಂದರೂ ಅದರ ಅಂಚು ಲೆನ್ಸಿನ ಬಾಯಿಗೆ ತಾಗುತ್ತದೆ. ಅಂಟಿಸುವುದು ಸುಲಭ, ಸರಿಯಾದ ಸಮತಲದಲ್ಲಿ ಅಂಟಿಸುವುದು ಕಷ್ಟ. ಗೋಂದು ಒಂದೆಡೆ ದಪ್ಪವಾದರೂ ವ್ಯೂಫೈಂಡರಿನ ಫೋಕಸ್ ಫಿಲ್ಮಿನ ಫೋಕಸಿಗೆ ಹೊಂದುವುದಿಲ್ಲ. ಅಂಟಿಸಿದ ಮೇಲೆ ದೂರದ ಗುಡ್ಡ ಅಥವಾ ಟವರಿಗೆ ಹಿಡಿದು, ಲೆನ್ಸಿನ ಅನಂತದ ಗುರುತಿನಲ್ಲಿ ಅದು ಚೂಪಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸಿ.

ಕ್ಯಾನನ್ ಎಇ-1, ಎ-1ಗಳಲ್ಲಿ ಗುಂಡಿ ಒತ್ತಿದಾಗ ಕೆಮ್ಮಿನಂಥ ಕೀಚಲು ಸದ್ದು ಬರುತ್ತದೆ. ಬಹಳ ಜನ ಅದನ್ನು ಶಟರಿನ ದೋಷವೆಂದು ತಿಳಿಯುತ್ತಾರೆ. ಅದು ಕನ್ನಡಿಯನ್ನು ನಡೆಸುವ ಹಲ್ಲುಚಕ್ರಗಳು ಒಣಗಿದ ಸದ್ದು. ಸದ್ದಿನ ಹಂತದಲ್ಲೇ ಸರಿಯಾದ ಜಾಗಕ್ಕೆ ಒಂದು ಹನಿ ತೆಳು ಎಣ್ಣೆ ಮುಟ್ಟಿಸಿದರೆ ಮುಗಿಯಿತು. ಬಿಟ್ಟರೆ ಕನ್ನಡಿ ದಿನೇ ದಿನೇ ನಿಧಾನವಾಗುತ್ತದೆ. ಕ್ಯಾಮೆರಾ ಅಲುಗಿಸಿದಾಗ ಒಳಗೆ ಏನೋ ಉರುಳಿದಂತೆ ಕೇಳಿದರೆ ಕಳಚಿದ ತಿರುಪು ಕನ್ನಡಿಯ ದಾರಿಗೆ ಅಡ್ಡ ಬಿದ್ದಿರಬಹುದು. ಜಪಾನಿ ಕ್ಯಾಮೆರಾ ಬಿಚ್ಚುವಾಗ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯ ಸ್ಕ್ರೂಡ್ರೈವರ್ ಬಳಸಿ. ಸಾಮಾನ್ಯ ಫಿಲಿಪ್ಸ್ ಮೊನೆ ಆ ತಿರುಪುಗಳಲ್ಲಿ ಸರಿಯಾಗಿ ಕೂರದೆ ತಲೆಯನ್ನು ಸವೆಸಿಬಿಡುತ್ತದೆ.

ತಳದ ತಟ್ಟೆಯವರೆಗೆ ಯಾರಾದರೂ ಹೋಗಬಹುದು ಎಂಬುದು ನನ್ನ ಅಭಿಪ್ರಾಯ. ಮೇಲಿನ ಮುಚ್ಚಳ ಅಥವಾ ಮುಂಭಾಗ ಬಿಚ್ಚಬೇಕಾಗಿ ಬಂದರೆ ದುರಸ್ತಿ ಬಲ್ಲವರಿಗೆ ಕೊಡಿ. ಕೊಡುವಾಗ ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾದ ಕೊರಳಪಟ್ಟಿಗೆ ಕಟ್ಟಿ: ಯಾವ ವೇಗದಲ್ಲಿ ಸಿಕ್ಕಿತು, ಲಿವರ್ ಬಿಗಿದಿತ್ತೇ ಸಡಿಲವಿತ್ತೇ, ಎರಡನೆಯ ಪರದೆ ಮುಚ್ಚಿತ್ತೇ, ನೀವು ಏನನ್ನು ಮುಟ್ಟಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ; ನೀವು ಎಲ್ಲಿ ಎಣ್ಣೆ ಹಾಕಿದಿರಿ ಎಂದು ತಿಳಿದರೆ ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ನೀವೇ ಸರಿಮಾಡಿದ್ದರೆ ರೀಲು ಹಾಕುವ ಮೊದಲು ಎಲ್ಲ ವೇಗಗಳಲ್ಲೂ ಹತ್ತು ಹತ್ತು ಸಲ ಬಿಟ್ಟು ನೋಡಿ. ರಾತ್ರಿ ಶಟರನ್ನು ಎಳೆದಿಡದೆ ಬಿಟ್ಟ ಸ್ಥಿತಿಯಲ್ಲೇ ಇಡಿ. ಬೆಳಿಗ್ಗೆ ಎದ್ದ ಕೂಡಲೇ, ಕ್ಯಾಮೆರಾ ಇನ್ನೂ ತಣ್ಣಗಿರುವಾಗ, 1/1000ಕ್ಕೆ ಇಟ್ಟು ಮೊದಲ ಗುಂಡಿ ಒತ್ತಿ. ಆಗಲೂ ಕನ್ನಡಿ ತಡವರಿಸದೆ ಹಿಂದಿರುಗಿದರೆ ರೀಲು ಹಾಕಿ.